ತಾತೋಬಾನ ರಕ್ತದಲ್ಲಿ ಕಡಿಮೆಯಾದದ್ದು

ಇಪ್ಪತ್ತೆಂಟು ವರ್ಷ ಇಚಲಕರಂಜಿಯ ವಿದ್ಯುತ್ ಮಗ್ಗಗಳ ನಡುವೆ ಓಡಾಡಿದ ತಾತೋಬಾನಿಗೆ ಒಂದು ಬೆಳಿಗ್ಗೆ ಒಂದೇ ನೂಲೆಳೆ ಎರಡಾಗಿ ಕಂಡಿತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಎರಡೇ. ಒಂದು ಕಣ್ಣು ಮುಚ್ಚಿದರೆ ಒಂದು, ಎರಡೂ ತೆರೆದರೆ ಎರಡು. ನಲವತ್ತೇಳರ ವಯಸ್ಸಿಗೆ ಕಣ್ಣು ಸೋಲುವುದು ದೊಡ್ಡ ವಿಷಯವಲ್ಲ ಎಂದುಕೊಂಡು ನಟ್ಟು ಬಿಗಿಯುವ ಪಾನಾ ಹಿಡಿದು ಕೆಲಸಕ್ಕೆ ಬಾಗಿದ. ತಲೆನೋವು ಶುರುವಾಗಿ ಆಗಲೇ ಮೂರು ವಾರವಾಗಿತ್ತು.

ಅವನು ನೇಯುವವನಲ್ಲ, ಕೆಟ್ಟ ಮಗ್ಗ ಸರಿಮಾಡುವ ಜಾಬರ್. ಜಿನಗೊಂಡ ಪಾಟೀಲರ ಶೆಡ್ಡಿನಲ್ಲಿ ಮೂವತ್ತೆರಡು ಮಗ್ಗಗಳಿದ್ದವು. ಯಾವುದು ಕೆಟ್ಟರೂ ನೇಕಾರರು ಅವನ ಹೆಸರು ಕೂಗುತ್ತಿದ್ದರು. ಆ ಗದ್ದಲದಲ್ಲಿ ಕೂಗು ಯಾರಿಗೂ ಕೇಳದಿದ್ದರೂ ಅವನಿಗೆ ಕೇಳುತ್ತಿತ್ತು. ಮಗ್ಗದ ಕಬ್ಬಿಣದ ಮೇಲೆ ಅಂಗೈ ಇಟ್ಟು ನಿಂತನೆಂದರೆ ಯಾವ ಪಟ್ಟಿ ಸಡಿಲವಾಗಿದೆ, ಯಾವ ಹಲ್ಲು ಸವೆದಿದೆ ಎಂದು ಹೇಳಿಬಿಡುವನು. ಕಾರಣ ಸಿಗದೆ ಮಗ್ಗ ಬಿಟ್ಟು ಎದ್ದವನೇ ಅಲ್ಲ. ಊಟ ತಪ್ಪಿದರೂ ಸರಿಯೇ, ಕೆಟ್ಟದ್ದು ಏಕೆ ಕೆಟ್ಟಿತೆಂದು ಗೊತ್ತಾಗಲೇಬೇಕು.

ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟರು. ಓಣಿಯ ಡಾಕ್ಟರು ನೋವಿನ ಗುಳಿಗೆ ಕೊಟ್ಟರು, ಅದಾದ ಮೇಲೆ ಪಿತ್ತದ ಗುಳಿಗೆ. ಗುಳಿಗೆ ನುಂಗಿದಾಗ ನೋವು ಸ್ವಲ್ಪ ಸರಿಯುತ್ತಿತ್ತು, ಮತ್ತೆ ಬಂದು ಕುತ್ತಿಗೆಯಲ್ಲಿ ಕುಳಿತುಕೊಳ್ಳುತ್ತಿತ್ತು. ಬೆಳಗಿನ ಚಹಾ ಹೊಟ್ಟೆಯಲ್ಲಿ ನಿಲ್ಲದಾಯಿತು. ಐದನೆಯ ವಾರ ಒಂದು ದಿನ ಹನ್ನೊಂದನೆಯ ನಂಬರಿನ ಮಗ್ಗದ ಮುಂದೆ ನಿಂತವನು ನಿಂತೇ ಇದ್ದ. ಮಗ್ಗ ಓಡುತ್ತಿತ್ತು, ನೂಲು ಕಡಿದು ಬಟ್ಟೆಯಲ್ಲಿ ತೂತು ಬೀಳುತ್ತಿತ್ತು, ನೇಕಾರ ಕೂಗುತ್ತಿದ್ದ. ಮಗ್ಗ ನಿಲ್ಲಿಸುವ ಹಿಡಿಕೆ ಎಲ್ಲಿದೆಯೆಂಬುದೇ ತಾತೋಬಾನಿಗೆ ನೆನಪಾಗಲಿಲ್ಲ.

ಜಿನಗೊಂಡ ಪಾಟೀಲರು ಕೈಯಲ್ಲಿದ್ದ ಕೆಲಸ ಬಿಟ್ಟು ತಮ್ಮ ಗಾಡಿ ತೆಗೆದರು. ಹೆಂಡತಿ ಅಕ್ಕಾತಾಯಿ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಕೈಯ ಹಿಟ್ಟು ಒರೆಸಿಕೊಳ್ಳುತ್ತಲೇ ಬಂದು ಕೂತಳು. ಕೊಲ್ಹಾಪುರ ಮುಟ್ಟುವವರೆಗೆ ಗಂಡನ ತಲೆ ಅವಳ ತೊಡೆಯ ಮೇಲಿತ್ತು. ದಾರಿಯಲ್ಲಿ ಅವನು ಒಂದೇ ಸವನೆ ಕೇಳುತ್ತಿದ್ದ, "ಮಗ್ಗ ಬಂದ್ ಮಾಡಿದ್ರೇನ? ಯಾರರ ಬಂದ್ ಮಾಡಿದ್ರೇನ?"

ದವಾಖಾನೆಯಲ್ಲಿ ಅವನನ್ನು ನೋಡಿಕೊಂಡವರು ಡಾಕ್ಟರ್ ನೂತನ. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಗಡಹಿಂಗ್ಲಜದ ಜೈನರ ಮನೆಯವರು. ಉಳಿದವರೊಡನೆ ಮರಾಠಿಯಲ್ಲಿ ಮಾತಾಡುತ್ತಿದ್ದವರು ಅಕ್ಕಾತಾಯಿಯ ಅಳು ಕೇಳಿ ಕನ್ನಡಕ್ಕೆ ಹೊರಳಿದರು. ಆ ಕನ್ನಡ ಕೇಳಿದಾಗಲೇ ಅವಳಿಗೆ ಅರ್ಧ ಜೀವ ಬಂದಂತಾಯಿತು.

"ಬೆನ್ನಾಗಿಂದ ಒಂದೀಟ ನೀರ ತಗೀತೇವಿ ಮಾವಶಿ. ಟಿಬಿ ಇರಬಹುದು ಅಂತ ನನಗ ಅನಸತೈತಿ. ನೋಡೂನು."

ಟಿಬಿ ಇರಲಿಲ್ಲ. ಬೆನ್ನುಹುರಿಯ ನೀರಿಗೆ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸುತ್ತ ಬಿಳಿ ಬಳೆ ತೊಟ್ಟ ದುಂಡು ದುಂಡು ಕಣಗಳು ಕಂಡವು. ಅದೊಂದು ಬಗೆಯ ಬೂಷ್ಟು. ಪಾರಿವಾಳದ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಬೆಳೆಯುತ್ತದೆ, ಒಣಗಿದಾಗ ಧೂಳಿನೊಡನೆ ಗಾಳಿಗೆ ಏರುತ್ತದೆ. ತಾತೋಬಾನ ಮಿದುಳಿನ ಪೊರೆಗೆ ಅದು ಹತ್ತಿತ್ತು.

"ಪಾರಿವಾಳ ಶೆಡ್ಡಿನ್ಯಾಗ ಅದಾವ್ರಿ," ಎಂದರು ಜಿನಗೊಂಡ ಪಾಟೀಲರು. "ಆದ್ರ ನನ್ನಪ್ಪನ ಕಾಲದಿಂದ ಅದಾವು. ಯಾರಿಗೂ ಏನೂ ಆಗಿಲ್ಲ."

"ಆಗಂಗಿಲ್ಲ," ಎಂದರು ಡಾಕ್ಟರು. "ನಾವೆಲ್ಲಾರೂ ಅದನ್ನ ಉಸಿರಾಗ ಎಳಕೊಂಡಿರತೇವಿ. ಮೈಯಾಗಿನ ಕಾವಲು ಸರಿ ಇದ್ರ ಅದು ತಲಿಗೆ ಏರಂಗಿಲ್ಲ. ಇವರ ಕಾವಲು ಯಾಕ ಬಿತ್ತು ಅನ್ನೂದನ್ನ ನೋಡಬೇಕು."

ಮರುದಿನ ಸಲಹೆಗಾರ್ತಿಯೊಬ್ಬಳು ಬಂದು ಅಕ್ಕಾತಾಯಿಯನ್ನು ಒಂದು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಮಾತಾಡಿದಳು. ಇಂಥ ಬೂಷ್ಟು ಹತ್ತಿದವರಲ್ಲಿ ಮೊದಲು ನೋಡುವುದು ಎಚ್‌ಐವಿ. ಗಂಡನಿಗೆ ಪ್ರಜ್ಞೆ ಸರಿಯಿಲ್ಲದ್ದರಿಂದ ಹೆಂಡತಿಯ ಒಪ್ಪಿಗೆ ಬೇಕು. ಅಕ್ಕಾತಾಯಿ ಸಹಿ ಮಾಡಿದಳು. ಹೊರಗೆ ಬಂದು ಬೆಂಚಿನ ಮೇಲೆ ಕೂತವಳು ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಮಧ್ಯಾಹ್ನ ಕಳೆದಳು.

ಸಂಜೆ ವರದಿ ಬಂತು. ಇಲ್ಲ. ಬೇರೆ ಬಗೆಯಲ್ಲಿ ಇನ್ನೊಮ್ಮೆ ನೋಡಿದರು. ಇಲ್ಲ. ಮೂರನೆಯ ಸಲ ವೈರಾಣುವನ್ನೇ ನೇರವಾಗಿ ಹುಡುಕುವ ಪರೀಕ್ಷೆ. ಅದರಲ್ಲೂ ಇಲ್ಲ. ಸಕ್ಕರೆ ಕಾಯಿಲೆ ಇಲ್ಲ, ಕ್ಯಾನ್ಸರ್ ಇಲ್ಲ, ಕಾವಲು ತಗ್ಗಿಸುವ ಔಷಧ ಯಾವುದನ್ನೂ ಅವನು ತಿಂದಿರಲಿಲ್ಲ. ಹಾಗಿದ್ದರೂ ಸಿಡಿ4 ಎಂಬ ಕಣಗಳ ಎಣಿಕೆಯಲ್ಲಿ ಎಂಬತ್ತೆಂಟು ಎಂದು ಬಂತು. ಸಾಸಿವೆಗಿಂತ ಸಣ್ಣ ಹನಿ ರಕ್ತದಲ್ಲಿ ಅವು ಐದುನೂರಕ್ಕೂ ಮೇಲಿರಬೇಕಿತ್ತು.

ನಾಲ್ಕು ವಾರ ತಾತೋಬಾ ಹಾಸಿಗೆಯಲ್ಲಿದ್ದ. ಬೂಷ್ಟಿನ ಔಷಧ ಬೆರೆಸಿದ ಹಳದಿ ಬಣ್ಣದ ಸಲಾಯಿನ್ ಹನಿ ಹನಿಯಾಗಿ ಇಳಿಯುವಾಗ ಮಂಚ ಅಲುಗುವ ಹಾಗೆ ನಡುಗುತ್ತಿದ್ದ. ತಲೆಯೊಳಗಿನ ಒತ್ತಡ ಇಳಿಸಲು ಆರು ಸಲ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ಪ್ರತಿ ಸಲ ನೀರು ತೆಗೆದ ಮೇಲೆ ಯಾರೋ ತಲೆಗೆ ಬಿಗಿದ ಹಗ್ಗ ಸಡಿಲಿಸಿದಂತೆ ಆಗುತ್ತಿತ್ತು. ಮೂರನೆಯ ವಾರ ಕಣ್ಣು ತೆರೆದು ಕಿಟಕಿ ನೋಡಿದ. ಒಂದೇ ಕಿಟಕಿ ಇತ್ತು. ಹೆಂಡತಿಯನ್ನು ನೋಡಿದ. ಒಬ್ಬಳೇ ಇದ್ದಳು, ಇಳಿದುಹೋಗಿದ್ದಳು.

ತಲೆ ತಿಳಿಯಾದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ, "ಏನ ಕೆಟ್ಟಿತ್ರಿ ನಂದು?"

ಡಾಕ್ಟರ್ ನೂತನ ಕುರ್ಚಿ ಎಳೆದುಕೊಂಡು ಕೂತರು. "ರಕ್ತದಾಗ ಬಿಳಿ ಕಣ ಅದಾವ ಮಾಮಾ. ಎಲ್ಲಾ ಒಂದ ಥರದವಲ್ಲ. ಕೆಲವು ಬಂದ ಜಂತುನ ನುಂಗತಾವು. ಕೆಲವು ಅದರ ಮ್ಯಾಲ ಔಷಧದಂಥಾದ್ದು ತಯಾರ ಮಾಡಿ ಬಿಡತಾವು. ಕೆಲವು ರೋಗ ಹತ್ತಿದ ಕಣಾನ ಕೊಂದ ಬಿಡತಾವು. ನಿಮ್ಮಲ್ಲಿ ಅವೆಲ್ಲಾ ಬೇಕಾದಷ್ಟ ಅದಾವು."

"ಮತ್ತೇನ ಕಡಿಮಿ ಐತ್ರಿ?"

"ಸಹಾಯಕ ಟಿ ಕಣ. ಸಿಡಿ4 ಅಂತ ಎಣಿಸಿದ್ದು ಅವನ್ನ. ಅವು ಯಾರನ್ನೂ ನುಂಗಂಗಿಲ್ಲ, ಕೊಲ್ಲಂಗಿಲ್ಲ."

"ಹಂಗಾದ್ರ ಅವು ಇದ್ದೇನು, ಇಲ್ಲದೇನು?"

ಡಾಕ್ಟರು ನಕ್ಕರು. ಆಮೇಲೆ ಬೆರಳು ಮಡಚುತ್ತ ಬಿಡಿಸಿ ಹೇಳಿದರು. ನುಂಗುವ ಕಣ ಜಂತುವನ್ನು ಹಿಡಿದಾಗ ಅದನ್ನು ಚೂರು ಮಾಡಿ ಒಂದು ಚೂರನ್ನು ತನ್ನ ಮೈಮೇಲೆ ಎತ್ತಿ ತೋರಿಸುತ್ತದೆ. ಸಹಾಯಕ ಕಣಗಳು ತಿರುಗುತ್ತ ಬಂದು ಅದನ್ನು ಮುಟ್ಟಿ ನೋಡುತ್ತವೆ. ಒಂದೊಂದಕ್ಕೆ ಒಂದೊಂದೇ ಬಗೆಯ ಚೂರಿನ ಗುರುತು. ತನ್ನ ಗುರುತಿನದು ಸಿಕ್ಕ ಕಣ ಕೂಡಲೇ ಒಂದರಿಂದ ಎರಡು, ಎರಡರಿಂದ ನಾಲ್ಕಾಗುತ್ತ ಸಾವಿರವಾಗುತ್ತದೆ. ಆಮೇಲೆ ರಸದ ಮೂಲಕ ಸುದ್ದಿ ಕಳಿಸುತ್ತದೆ. ಔಷಧ ಮಾಡುವ ಕಣಕ್ಕೆ, ಇದರ ಮೇಲೆ ಔಷಧ ಮಾಡು ಎಂದು. ಕೊಲ್ಲುವ ಕಣಕ್ಕೆ, ಹೊರಡು ಎಂದು. ನುಂಗಿದ ಕಣಕ್ಕೂ ಒಂದು ಸುದ್ದಿ ಹೋಗಬೇಕು, ಒಳಗಿರುವುದನ್ನು ಈಗ ಅರಗಿಸು ಎಂದು.

"ನುಂಗಿದ ಮ್ಯಾಲ ಅರಗಸಾಕೂ ಹೇಳಬೇಕೇನ್ರಿ?"

"ಈ ಬೂಷ್ಟಿಗೆ ಹೇಳಬೇಕು. ಹೇಳೋರು ಬರಲಿಲ್ಲಂದ್ರ ಅದು ನುಂಗಿದ ಕಣದ ಹೊಟ್ಟ್ಯಾಗ ಜೀವಂತ ಕುಂದ್ರತೈತಿ. ಅಲ್ಲೇ ಬೆಳೀತೈತಿ. ಹಂಗ ಮಾಡಕೋತ ನಿಮ್ಮ ತಲೀತನಕ ಬಂತು."

ತಾತೋಬಾ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. ತನ್ನ ಮೈಯೊಳಗೆ ಇಷ್ಟೊಂದು ಓಡಾಟ ನಡೆದಿದೆಯೆಂಬುದೇ ಅವನಿಗೆ ನಂಬಲಾಗದ ಸಂಗತಿ.

"ನೀವು ಶೆಡ್ಡಿನ್ಯಾಗ ಜಾಬರ್ ಅಲ್ಲೇನು?" ಎಂದರು ಡಾಕ್ಟರು. "ನೀವೇನು ನೇಯಂಗಿಲ್ಲ. ನೀವು ಇಲ್ಲಂದ್ರ ಬಟ್ಟಿ ಸರಿ ಬರತೈತೇನು?"

ತಾತೋಬಾನಿಗೆ ಅದು ಸರಿ ಅನ್ನಿಸಲಿಲ್ಲ. "ನಾ ಇಲ್ಲಂದ್ರ ಮಾಲಕರು ಬಾಜೂ ಶೆಡ್ಡಿನ ಜಾಬರ್‌ನ ಕರಸತಾರ. ಇಲ್ಲೂ ಬ್ಯಾರೇದವರನ್ನ ತಂದ ಹಾಕ್ರಿ."

"ಹಂಗ ಹೊರಗಿಂದ ತಂದ ಹಾಕಾಕ ಬರಂಗಿಲ್ಲ ಮಾಮಾ."

"ಇದ್ದವು ಎಲ್ಲಿ ಹ್ವಾದ್ವು? ಅದನ್ನರ ಹೇಳ್ರಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಗೊತ್ತಿಲ್ಲ."

"ಅಂದ್ರ? ಇನ್ನೊಂದ ತಪಾಸಣಿ ಮಾಡಿದ್ರ ಗೊತ್ತಾಗತೈತೇನು?"

"ನನಗಷ್ಟ ಅಲ್ಲ, ಯಾರಿಗೂ ಗೊತ್ತಿಲ್ಲ. ಲಕ್ಷಾಂತರ ಮಂದಿಯೊಳಗ ಒಬ್ಬರಿಗೆ ಹಿಂಗ ಆಗತೈತಿ. ಕಾರಣ ಸಿಕ್ಕಿಲ್ಲ. ಎರಡ ತಿಂಗಳ ಬಿಟ್ಟು ಇನ್ನೊಮ್ಮೆ ಎಣಿಸೂನು. ಆಗೂ ಕಡಿಮಿ ಇದ್ರ ಅದಕ್ಕ ಒಂದ ಹೆಸರ ಐತಿ. ಆ ಹೆಸರಿನ ಅರ್ಥಾನೂ ಕಾರಣ ಗೊತ್ತಿಲ್ಲದ್ದು ಅಂತನ."

ಆ ದಿನ ಮಧ್ಯಾಹ್ನ ಊಟ ತಂದ ಅಕ್ಕಾತಾಯಿಗೆ ತಾತೋಬಾ ಹೇಳಿದ, "ಡಾಕ್ಟರ್‌ಬಾಯಿ ಭಾಳ ಶ್ಯಾಣ್ಯಾಕಿ. ಆದ್ರ ಏನೋ ಮುಚ್ಚಿಡಾಕತ್ಯಾಳ. ಕಾರಣ ಇಲ್ಲದ ಹಂಗೆಂಗ ಆಗತೈತಿ?"

ಮನೆಗೆ ಕಳಿಸುವಾಗ ಡಾಕ್ಟರು ಕೆಲವು ತಿಂಗಳು ಶೆಡ್ಡಿನ ಕಡೆ ಹೋಗಬಾರದೆಂದರು. ಪ್ರತಿದಿನ ಬೂಷ್ಟಿನ ಗುಳಿಗೆ, ಬೇರೆ ಜಂತು ಹತ್ತದ ಹಾಗೆ ಇನ್ನೊಂದು ಗುಳಿಗೆ. ತಪ್ಪಿಸುವಂತಿಲ್ಲ. ಇಚಲಕರಂಜಿಯ ಮನೆ ಶೆಡ್ಡಿಗೆ ಹೊಂದಿಕೊಂಡೇ ಇದ್ದುದರಿಂದ ಗಂಡಹೆಂಡತಿ ಗಡಹಿಂಗ್ಲಜಕ್ಕೆ ಅಕ್ಕನ ಮನೆಗೆ ಹೋದರು.

ಅಕ್ಕ ಚಂಪಾಬಾಯಿ ತಾತೋಬಾನಿಗಿಂತ ಹತ್ತು ವರ್ಷ ಹಿರಿಯಳು, ಅವನನ್ನು ಎತ್ತಿ ಆಡಿಸಿದವಳು. ಮೊದಲ ವಾರ ಕೋಳಿ ಸಾರು, ತುಪ್ಪ, ಮಾತಿಗೊಮ್ಮೆ ಕಣ್ಣೀರು. ಎರಡನೆಯ ವಾರ ಪಕ್ಕದ ಮನೆಯವರು ಯಾರೋ ಬಂದು ಹೋದರು. ಅಂದಿನಿಂದ ತಾತೋಬಾನ ಗಂಗಾಳ ಬೇರೆಯಾಯಿತು, ಲೋಟ ಬೇರೆಯಾಯಿತು, ತೊಳೆದ ಮೇಲೆ ಅವುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಬೋರಲು ಹಾಕತೊಡಗಿದರು. ಮೂರು ದಿನ ನೋಡಿ ಅವನು ಕೇಳಿಯೇಬಿಟ್ಟ.

"ಚಂಪಕ್ಕಾ, ನನ್ನ ಲೋಟ ಯಾಕ ಅಲ್ಲಿ?"

ಚಂಪಾಬಾಯಿ ಸುತ್ತುಬಳಸುವ ಹೆಂಗಸಲ್ಲ. "ತಾತ್ಯಾ, ಸಿಡಿ4 ಅನ್ನೂದು ಆ ರೋಗದವರಿಗೆ ಮಾಡೂ ತಪಾಸಣಿ ಅಂತ. ಬಾಜೂ ಮನಿಯಾಕಿ ತಮ್ಮ ದವಾಖಾನ್ಯಾಗ ಕೆಲಸಕ್ಕ ಅದಾನ, ಅಂವಾ ಹೇಳ್ಯಾನ. ಖರೇ ಹೇಳು. ಏನರ ಇದ್ರೂ ನಾ ನಿನ್ನ ಹೊರಗ ಹಾಕಂಗಿಲ್ಲ."

ತಾತೋಬಾ ಚೀಲದಿಂದ ಮೂರು ವರದಿಗಳನ್ನು ತೆಗೆದು ಅವಳ ಮುಂದೆ ಹರಡಿದ. "ನೋಡು. ಇದರಾಗೂ ಇಲ್ಲ, ಇದರಾಗೂ ಇಲ್ಲ, ಇದರಾಗೂ ಇಲ್ಲ."

ಚಂಪಾಬಾಯಿ ಕಾಗದಗಳನ್ನು ಮುಟ್ಟದೆ ನೋಡಿದಳು. "ಇಲ್ಲಂದ್ರ ಒಂದ ಸಲ ಸಾಕಲ್ಲ? ಮೂರ ಸಲ ಯಾಕ ಮಾಡಿದ್ರು?"

ತಾತೋಬಾ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿದ. ಅವನ ರೋಗ ಒಂದೇ ಲೋಟದಲ್ಲಿ ನೀರು ಕುಡಿದರೆ ಬರುವಂಥದ್ದಲ್ಲ, ಆ ಇನ್ನೊಂದು ರೋಗ ಕೂಡ ಹಾಗೆ ಬರುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದರು. ಅದನ್ನೆಲ್ಲ ಅಕ್ಕನಿಗೆ ಹೇಳಬಹುದಿತ್ತು. ಆದರೆ ಅವನ ತಲೆಯಲ್ಲೂ ಅದೇ ಪ್ರಶ್ನೆ ಹುಳದಂತೆ ಕೊರೆಯತೊಡಗಿತು. ಹೌದಲ್ಲ, ಮೂರು ಸಲ ಏಕೆ?

ಇನ್ನೊಮ್ಮೆ ಓದಿ ನೋಡೋಣವೆಂದು ಮರುದಿನ ಕಾಗದದ ಚೀಲವನ್ನೆಲ್ಲ ಬರಿದು ಮಾಡಿದ. ಆಗ ನಾಲ್ಕನೆಯ ವರದಿಯೊಂದು ಕೈಗೆ ಬಂತು. ಅದೂ ಅದೇ ಪರೀಕ್ಷೆ, ಫಲಿತಾಂಶವೂ ಅದೇ, ಇಲ್ಲ ಎಂದು. ಹೆಸರು ಮಾತ್ರ ಅವನದಲ್ಲ. ಅಕ್ಕಾತಾಯಿಯದು. ತಾರೀಖು ನೋಡಿದ. ಅವನ ಮೊದಲ ವರದಿ ಬಂದ ದಿನದ್ದೇ.

ಅಕ್ಕಾತಾಯಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಅವನು ಕಾಗದ ಹಿಡಿದು ಅವಳೆದುರು ಹೋಗಿ ನಿಂತ. ಹಲ್ಲು ಕಚ್ಚಿ ಮಾತಾಡಿದ.

"ಇಪ್ಪತ್ತನಾಲ್ಕ ವರ್ಷ ಸಂಸಾರ ಮಾಡೀದಿ. ನನ್ನ ಮ್ಯಾಲ ಇಷ್ಟರ ನಂಬಿಗಿ ಇಲ್ಲೇನ? ನಾ ಹಾಸಗ್ಯಾಗ ಬಿದ್ದಾಗ ನೀ ಹೋಗಿ ಇದನ್ನ ಮಾಡಿಸಿಕೊಂಡೀ?"

ಅಕ್ಕಾತಾಯಿಯ ಕೈಯಲ್ಲಿದ್ದ ಒದ್ದೆ ಸೀರೆ ಹಾಗೇ ನಿಂತಿತು.

"ನಿಮ್ಮ ಮ್ಯಾಲ ಸಂಶಯ ಬರಲಿಲ್ರಿ," ಎಂದಳು. "ನನ್ನ ಮ್ಯಾಲ ಬಂತು."

"ಏನಂದಿ?"

"ಮಗಳು ಮೋನಾಲಿನ ಹಡಿಯೋ ಮುಂದ ನನಗ ಎರಡ ಬಾಟಲಿ ರಕ್ತ ಹಾಕಿದ್ರಲ್ಲ. ಯಾರ ರಕ್ತ, ಎಲ್ಲಿಂದು, ಯಾರಿಗೆ ಗೊತ್ತು? ಆ ಸಲಹಾ ಕೊಡೂ ಬಾಯಿ ಕ್ವಾಣ್ಯಾಗ ಕೂಡಿಸಿ ರೋಗ ಹೆಂಗ ಬರತೈತಿ ಅಂತ ಹೇಳಾಕತ್ತಿದ್ಲು, ರಕ್ತದಿಂದ ಬರತೈತಿ ಅಂದ್ಲು. ನನ್ನ ಎದಿ ಧಸಕ್ ಅಂತು. ನನ್ನಿಂದ ನಿಮಗ ಬಂದಿದ್ರ? ನಾನ ನಿಮ್ಮನ್ನ ಹಿಂಗ ಕೆಡವಿದ್ರ? ನಿಮಗ ಹೇಳಾಕ ಧೈರ್ಯ ಆಗಲಿಲ್ಲ."

ತಾತೋಬಾ ಬಾವಿಯ ಕಟ್ಟೆಯ ಮೇಲೆ ಕೂತ. ಕೋಪ ಬಂದ ದಾರಿಯಲ್ಲೇ ಹೋಗಿತ್ತು, ಅದರ ಜಾಗದಲ್ಲಿ ಏನು ಬಂತೆಂದು ಅವನಿಗೂ ತಿಳಿಯಲಿಲ್ಲ. ಮಂಚದ ಪಕ್ಕದಲ್ಲಿ ಅವಳು ಸುಮ್ಮನೆ ಕೂತಿರುತ್ತಿದ್ದ ಆ ದಿನಗಳಲ್ಲಿ ತನ್ನನ್ನು ತಾನೇ ಕಟಕಟೆಗೆ ಹತ್ತಿಸಿಕೊಂಡಿದ್ದಳು. ಅವನಿಗೆ ಗೊತ್ತೇ ಆಗಿರಲಿಲ್ಲ. ಎದ್ದು ಹೋಗಿ ಅವಳ ಕೈಯಲ್ಲಿದ್ದ ಸೀರೆಯ ಇನ್ನೊಂದು ತುದಿ ಹಿಡಿದು ಹಿಂಡಿದ. ಇಬ್ಬರೂ ಅದನ್ನು ಹಗ್ಗಕ್ಕೆ ಹಾಕಿದರು. ಒಳಗಿನಿಂದ ಚಂಪಾಬಾಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. ಆ ಸಂಜೆ ತಾತೋಬಾನಿಗೆ ಚಹಾ ಬಂದದ್ದು ಮನೆಯ ಎಲ್ಲರ ಲೋಟಗಳ ಸಾಲಿನಿಂದ.

ಎರಡು ತಿಂಗಳು ಕಳೆದು ಎರಡನೆಯ ಎಣಿಕೆಗೆ ಕೊಲ್ಹಾಪುರಕ್ಕೆ ಹೋದರು. ಸಿಡಿ4 ಎಣಿಸುವ ಯಂತ್ರ ಇದ್ದದ್ದು ಎಚ್‌ಐವಿ ರೋಗಿಗಳಿಗೆ ಔಷಧ ಕೊಡುವ ವಿಭಾಗದಲ್ಲಿ. ಬಾಗಿಲ ಮೇಲಿನ ಫಲಕ ಓದಿದ ತಾತೋಬಾ ಹೊಸ್ತಿಲಲ್ಲೇ ನಿಂತ. ಒಳಗೆ ಉದ್ದ ಸಾಲು ಇತ್ತು. ಗುಮಾಸ್ತ ಚೀಟಿ ಕೇಳಿದಾಗ ಅವನು ಬೇಕಾದದ್ದಕ್ಕಿಂತ ಎತ್ತರದ ದನಿಯಲ್ಲಿ, ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದ, "ಮಲಾ ತೋ ರೋಗ ನಾಹೀ! ಮೂರು ಸಲ ನೋಡ್ಯಾರ, ನನಗ ಆ ರೋಗ ಇಲ್ಲ!"

ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಮುಖ ತಿರುಗಿಸಿಕೊಂಡರು. ಒಬ್ಬ ಮುದುಕ ನೆಲ ನೋಡಿದ. ಗುಮಾಸ್ತ ಚೀಟಿಗೆ ಮುದ್ರೆ ಒತ್ತಿದ.

ಬೆಂಚಿನ ಮೇಲೆ ಅವನ ಪಕ್ಕದಲ್ಲಿ ನಲವತ್ತರ ಒಬ್ಬ ಹೆಂಗಸು ಇದ್ದಳು. ಹೆಸರು ಕಾಂಚನ, ಮುರಗೂಡದವಳು, ಅಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಕೈಯಲ್ಲಿ ಗುಳಿಗೆಯ ಲೆಕ್ಕದ ಹಳೆಯ ಹಸಿರು ಪುಸ್ತಕವಿತ್ತು, ಹಾಳೆ ಹಾಳೆಗೂ ಮುದ್ರೆ. ಅವಳು ತಾತೋಬಾನ ಮಾತು ಕೇಳಿದ್ದಳು. ಆದರೂ ತನ್ನ ಕುಡಿಯುವ ನೀರಿನ ಬಾಟಲಿ ಮುಂದೆ ಮಾಡಿದಳು. ಚಾಚಿದ ಕೈಯನ್ನು ಅರ್ಧಕ್ಕೇ ಹಿಂದೆ ಎಳೆದುಕೊಂಡು, "ಬ್ಯಾಡಾದ್ರ ಬ್ಯಾಡ," ಎಂದಳು.

ಆ ಅರ್ಧಕ್ಕೇ ನಿಂತ ಕೈ ನೋಡಿ ತಾತೋಬಾನಿಗೆ ಕಿಟಕಿಯ ಕಟ್ಟೆಯ ಮೇಲೆ ಬೋರಲು ಬಿದ್ದ ಲೋಟ ಕಣ್ಣಮುಂದೆ ಬಂತು. ಬಾಟಲಿ ತೆಗೆದುಕೊಂಡು ಗಟಗಟ ಕುಡಿದ.

"ಸಿಟ್ಟ ಆಗಬ್ಯಾಡ್ರಿ ಅಕ್ಕಾ," ಎಂದ. "ನನ್ನ ಬಾಯಿ ಹರೀತು."

"ಇರಲಿ. ಮೊದಲ ಸಲ ಬಂದಾಗ ನಾನೂ ಒದರಾಡಿದ್ದೆ. ನಿಮ್ಮ ನಂಬರ ಎಷ್ಟು?"

"ಎಂಬತ್ತೆಂಟ ಇತ್ತು."

ಕಾಂಚನಳ ಹುಬ್ಬೇರಿತು. "ರೋಗ ಇಲ್ಲಂತೀರಿ, ಎಂಬತ್ತೆಂಟ?"

"ನಿಮ್ದು?"

"ಆರನೂರ ನಲವತ್ತು. ಹದಿನಾಲ್ಕ ವರ್ಷ ಆತು ಗುಳಗಿ ನುಂಗಾಕ ಹತ್ತಿ. ಶುರು ಮಾಡಿದಾಗ ನಂದು ಅರವತ್ತೊಂದ ಇತ್ತು. ಗುಳಗಿ ವೈರಸ್‌ನ ಒತ್ತಿ ಹಿಡದಾವು, ಕಣ ತಾವಾಗಿ ಬೆಳದ್ವು."

ತಾತೋಬಾ ಲೆಕ್ಕ ಹಾಕಿ ಹಾಕಿ ಸೋತ. ಆ ಕಣಗಳನ್ನೇ ಹಿಡಿದು ಕೊಲ್ಲುವ ವೈರಾಣು ಮೈಯಲ್ಲಿರುವ ಹೆಂಗಸಿಗೆ ಆರುನೂರು. ಯಾವ ವೈರಾಣುವೂ ಇಲ್ಲದ ತನಗೆ ನೂರೂ ಇಲ್ಲ. ಅವಳ ಶತ್ರುವಿಗೆ ಒಂದು ಹೆಸರಿದೆ, ಅದಕ್ಕೆ ಗುಳಿಗೆಯಿದೆ. ತನಗೆ ಯಾವುದರ ಮೇಲೆ ಗುಳಿಗೆ ಕೊಡಬೇಕು? ಅವನಿಗೆ ಆ ಕ್ಷಣ ಕಾಂಚನಳನ್ನು ಕಂಡು ಹೊಟ್ಟೆಕಿಚ್ಚೇ ಆಯಿತು, ಹಾಗಾದದ್ದಕ್ಕೆ ನಾಚಿಕೆಯೂ ಆಯಿತು.

"ಕಾರಣ ಗೊತ್ತಿದ್ದದ್ದ ಚಲೋ ಅಲ್ರಿ?" ಎಂದು ಕೇಳಿದ.

ಕಾಂಚನ ಪುಸ್ತಕ ಮುಚ್ಚಿದಳು. "ಕಾರಣ ಗೊತ್ತಿತ್ತಂತನ ನನ್ನ ಗಂಡನ ಮನಿಯವರು ನನ್ನ ಹೊರಗ ಹಾಕಿದ್ರು. ಅಂವಾನ ರೋಗ ತಂದಿದ್ದ. ಆದ್ರೂ ನನ್ನ ಹೊರಗ ಹಾಕಿದ್ರು." ಅವಳ ಹೆಸರು ಕೂಗಿದರು. ಎದ್ದು ನಿಂತು, "ಗುಳಗಿ ಮಾತ್ರ ತಪ್ಪಸಬ್ಯಾಡ್ರಿ," ಎಂದು ಹೇಳಿ ಒಳಗೆ ಹೋದಳು.

ತಾತೋಬಾನ ಎರಡನೆಯ ಎಣಿಕೆ ನೂರ ಹನ್ನೆರಡು ಬಂತು. ಡಾಕ್ಟರ್ ನೂತನ ಆ ಉದ್ದನೆಯ ಹೆಸರನ್ನು ಅವನ ಕಾಗದದ ಮೇಲೆ ಬರೆದರು. ಕೆಲವರಲ್ಲಿ ವರ್ಷಗಳ ಮೇಲೆ ತಾನಾಗಿ ಏರುವುದುಂಟು, ಕೆಲವರಲ್ಲಿ ಹೀಗೇ ಉಳಿಯುವುದುಂಟು, ಯಾರಲ್ಲಿ ಏನೆಂದು ಮೊದಲೇ ಹೇಳಲಾಗದು ಎಂದರು. ತಾತೋಬಾ ಈ ಸಲ ವಾದಿಸಲಿಲ್ಲ. ಡಾಕ್ಟರು ಮುಚ್ಚಿಡುತ್ತಿಲ್ಲ, ಅವರ ಹತ್ತಿರ ಹೇಳಲು ನಿಜವಾಗಿಯೂ ಏನೂ ಇಲ್ಲ ಎಂದು ಅವನಿಗೆ ಅರ್ಥವಾಗಿತ್ತು. ಅದು ಮೊದಲಿನದಕ್ಕಿಂತ ಹೆಚ್ಚು ಹೆದರಿಕೆಯ ವಿಷಯವಾಗಿತ್ತು.

ಅಷ್ಟರಲ್ಲಿ ಜಿನಗೊಂಡ ಪಾಟೀಲರು ಶೆಡ್ಡಿನ ಬೆಳಕಿಂಡಿಗಳಿಗೆಲ್ಲ ಬಲೆ ಹೊಡೆಸಿದ್ದರು. ಗೂಡುಗಳನ್ನು ನೀರು ಹಾಕಿ ನೆನೆಸಿ, ಧೂಳೇಳದ ಹಾಗೆ ತೆಗೆಸಿದ್ದರು. ಮೊಟ್ಟೆಯಿದ್ದ ಗೂಡುಗಳನ್ನು ಮರಿ ಹಾರುವವರೆಗೆ ಮುಟ್ಟಬೇಡಿರೆಂದು ಹೇಳಿದ್ದರಿಂದ ಕೆಲಸಕ್ಕೆ ಒಂದು ತಿಂಗಳು ಹೆಚ್ಚು ಹಿಡಿಯಿತು. ಏಳನೆಯ ತಿಂಗಳು ತಾತೋಬಾ ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿಕೊಂಡು ಕೆಲಸಕ್ಕೆ ಮರಳಿದ. ಮೊದಮೊದಲು ಅರ್ಧ ಪಾಳಿ, ಆಮೇಲೆ ಪೂರ್ತಿ. ಊಟದ ಹೊತ್ತಿಗೆ ಕೆಲವರು ಸ್ವಲ್ಪ ದೂರ ಕೂತರು, ಕೆಲವರು ಹತ್ತಿರ ಬಂದು ಬೆನ್ನು ತಟ್ಟಿದರು. ದೂರ ಕೂತವರನ್ನು ಅವನು ಬಯ್ಯಲಿಲ್ಲ. ಏನೆಂದು ತಿಳಿಸಿ ಹೇಳುವುದು?

ಮುಂದಿನ ವರ್ಷ ಡಾಕ್ಟರ್ ನೂತನ ಒಂದು ಕೋರಿಕೆ ಇಟ್ಟರು. ಕೊಲ್ಹಾಪುರದ ಡಾಕ್ಟರುಗಳ ಸಭೆಯಲ್ಲಿ ಅವನ ಕಾಯಿಲೆಯ ವಿಷಯ ಹೇಳಬೇಕೆಂದಿದ್ದರು. ಹೆಸರು ಹೇಳುವುದಿಲ್ಲ, ಬೇಕಿದ್ದರೆ ಬಂದು ಕೂರಬಹುದು ಎಂದರು. ತಾತೋಬಾ ಇಸ್ತ್ರಿ ಅಂಗಿ ತೊಟ್ಟು ಹೋದ. ಅಕ್ಕಾತಾಯಿಯೂ ಹೋದಳು. ಹಿಂದಿನ ಸಾಲಿನಲ್ಲಿ ಕೂತು, ಗೋಡೆಯ ಮೇಲೆ ದೊಡ್ಡದಾಗಿ ಮೂಡಿದ ತನ್ನ ಬೆನ್ನುಹುರಿಯ ನೀರಿನ ಚಿತ್ರವನ್ನು ಅವನು ನೋಡಿದ.

ನಲವತ್ತು ಮಂದಿ ಡಾಕ್ಟರು ಒಂದು ಗಂಟೆ ವಾದ ಮಾಡಿದರು. ಕಣಗಳು ಹುಟ್ಟುವ ಜಾಗದಲ್ಲೇ ಕಡಿಮೆ ಹುಟ್ಟುತ್ತಿವೆ ಎಂದು ಒಬ್ಬರು. ಅಲ್ಲ, ಹುಟ್ಟಿದವು ಬೇಗ ಸಾಯುತ್ತಿವೆ ಎಂದು ಇನ್ನೊಬ್ಬರು. ಮೈಯೇ ಅವುಗಳ ಮೇಲೆ ಬಿದ್ದು ಕೊಲ್ಲುತ್ತಿದೆ ಎಂದು ಮತ್ತೊಬ್ಬರು. ಒಬ್ಬ ತರುಣ ಡಾಕ್ಟರು ಪಾರಿವಾಳದ ವಿಷಯ ಎತ್ತಿದಾಗ ತಾತೋಬಾನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ.

"ಸಾಹೇಬ್ರ, ಪಾರಿವಾಳ ಎಲ್ಲಾರ ತಲಿ ಮ್ಯಾಲೂ ಇದ್ವು. ನಲವತ್ತ ಮಂದಿ ಕೆಲಸ ಮಾಡತೇವಿ. ನನ್ನ ಒಬ್ಬನ್ನ ಯಾಕ ಹಿಡೀತು?"

ಹೇಳಿದ್ದು ಕನ್ನಡದಲ್ಲಿ. ಅರ್ಧ ಮಂದಿಗೆ ತಿಳಿಯಿತು, ಅವರು ಉಳಿದವರಿಗೆ ಹೇಳಿದರು. ಡಾಕ್ಟರ್ ನೂತನ, "ನಮ್ಮ ಪ್ರಶ್ನೆಯೂ ಇದೇ," ಎಂದು ಮರಾಠಿಯಲ್ಲಿ ಹೇಳಿ ಕೂತರು.

ಚಹಾದ ಹೊತ್ತಿಗೆ ಬಿಳಿಗೂದಲಿನ ಹಿರಿಯ ಡಾಕ್ಟರೊಬ್ಬರು ಬಿಸ್ಕೀಟಿನ ತಟ್ಟೆ ಹಿಡಿದುಕೊಂಡು ಅವನ ಹತ್ತಿರ ಬಂದರು. ನಲವತ್ತು ವರ್ಷದಲ್ಲಿ ಇಂಥವರನ್ನು ತಾವು ನೋಡಿದ್ದು ಇಬ್ಬರನ್ನೇ, ನೀವು ಎರಡನೆಯವರು ಎಂದರು.

"ಮೊದಲನೇದವ ಏನಾದ್ನ್ರಿ?" ಎಂದು ಅಕ್ಕಾತಾಯಿ ತಾತೋಬಾನಿಗಿಂತ ಮೊದಲೇ ಕೇಳಿದಳು.

"ಏನಾಗತಾನ? ಟ್ರಕ್ ಓಡಸತಾನ, ಕಾಗಲದಾಗ. ಹದಿನಾರ ವರ್ಷ ಆತು. ನಿಮ್ಮ ನಂಬರ ಕೊಡ್ರಿ, ಅಂವಗ ಕೊಡತೇನಿ. ಮನಸ್ಸಿದ್ರ ಮಾತಾಡಲಿ."

ಎಂಟು ದಿನ ಫೋನು ಬರಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ, ತಾತೋಬಾ ಊಟ ಮುಗಿಸಿ ಗುಳಿಗೆ ನುಂಗುತ್ತಿದ್ದಾಗ ಬಂತು. ಹಿಂದೆ ಹೆದ್ದಾರಿಯ ಸದ್ದು, ಮುಂದೆ ಗಡಸು ದನಿ.

"ನಾ ಭೂಪಾಲ ಚೌಗುಲೆ ಮಾತಾಡಾಕತ್ತೇನಿ, ಕಾಗಲದಿಂದ. ದೊಡ್ಡ ಡಾಕ್ಟರು ಹೇಳಿದ್ರು. ನಿಮಗೂ ಹಂಗ ಐತಂತಲ್ಲ?"

"ಹೌದ್ರಿ."

"ಎಷ್ಟ ಐತಿ?"

"ಹೋದ ತಿಂಗಳ ನೂರ ತೊಂಬತ್ತಾರ ಇತ್ತು. ಅದರ ಹಿಂದ ಎರಡನೂರ ಹತ್ತ. ಇಳೀತು. ನಿಮ್ದು?"

"ಎರಡನೂರ ಮೂರು. ನಂದೂ ಹಂಗ, ಏರತೈತಿ, ಇಳೀತೈತಿ. ನಾ ಈಗ ಕೇಳೂದ ಬಿಟ್ಟೇನಿ. ವರ್ಷಕ್ಕೊಮ್ಮೆ ಮೈ ಮ್ಯಾಲ ಸರ್ಪಸುತ್ತ ಏಳತೈತಿ, ಹೋಗತೈತಿ. ಮೊದಲ ಎರಡ ವರ್ಷ ಭಾಳ ಹೆದರಿದ್ದೆ."

ಒಂದು ಲಾರಿ ಹಾರ್ನ್ ಹಾಕುತ್ತ ಹೋಯಿತು. ಅದರ ಸದ್ದು ಅಡಗುವವರೆಗೆ ಇಬ್ಬರೂ ಕಾದರು.

"ಭೂಪಾಲಣ್ಣಾ, ನಿಮಗ ಕಾರಣ ಏನರ ಗೊತ್ತಾತೇನು? ಹದಿನಾರ ವರ್ಷದಾಗ?"

"ಅದನ್ನ ಕೇಳಾಕನ ನಿಮಗ ಫೋನ್ ಮಾಡೀನಿ," ಎಂದ ಭೂಪಾಲ. "ನೀವು ಹೊಸಬರು, ದೊಡ್ಡ ಸಭಾದಾಗ ಮಾತಾಡಿ ಬಂದೀರಿ. ನಿಮಗೇನರ ಗೊತ್ತಾಗಿರಬೇಕು ಅಂದುಕೊಂಡೆ."

ತಾತೋಬಾನಿಗೆ ನಗು ಉಕ್ಕಿ ಬಂತು. ಆ ಕಡೆಯಿಂದಲೂ ನಗು ಕೇಳಿತು. ಒಳಗಿನಿಂದ ಅಕ್ಕಾತಾಯಿ ಏನಾಯಿತೆಂದು ನೋಡಲು ಬಂದಳು. ಗಂಡ ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ಗೋಡೆಗೆ ಒರಗಿ ನಿಂತಿದ್ದ. ಎಷ್ಟೋ ತಿಂಗಳ ಮೇಲೆ ಅವಳು ಅದನ್ನು ಕಂಡದ್ದು.

ಬರುವ ರವಿವಾರ ಕಾಗಲದ ಸ್ಟ್ಯಾಂಡಿನ ಹತ್ತಿರ ಭೇಟಿಯಾಗುವುದೆಂದು ಮಾತಾಯಿತು. ಭೂಪಾಲ ತನ್ನ ಹದಿನಾರು ವರ್ಷದ ವರದಿಗಳನ್ನೆಲ್ಲ ತರುತ್ತೇನೆಂದ. ತಾತೋಬಾ ತನ್ನವನ್ನೂ ತರುತ್ತೇನೆಂದ. ಅವನ್ನೆಲ್ಲ ಒಟ್ಟಿಗೆ ಹರಡಿಕೊಂಡು ಏನು ನೋಡುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ.